ಹೊಸ್ತಿನ ಕದಿರು ಯಾರ ಗದ್ದೆಯದು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಂಧುಗಳೇ,

ಹೊಸ ಭತ್ತದ ಹಬ್ಬ ಹೊಸ್ತು ಹತ್ತಿರ ಬಂತು. ಮಾವು, ಹಲಸು, ಬಿದಿರಿನ ಎಲೆಯೊಳಗೆ ಕದಿರಿಟ್ಟು, ನಾರು ಸುತ್ತಿ, ಬಾಗಿಲಿಗೆ, ಬಾವಿಕಟ್ಟೆಗೆ, ಈಗೀಗ ಬೈಕಿಗೂ ಕಟ್ಟುತ್ತೇವೆ. ಹಳೆಯಕ್ಕಿಯ ಅನ್ನಕ್ಕೆ ಹೊಸ ಭತ್ತ ಸುಲಿದ ನಾಲ್ಕು ಕಾಳು ಬೀಳುತ್ತವೆ. ಎಲೆಯ ಮುಂದೆ ಕೂತವರು ಹಿರಿಯರ ಮುಖ ನೋಡಿ ‘ಹೊಸ್ತ್ ಉಣ್ತೆ’ ಎಂದು ಹೇಳಿಯೇ ಮೊದಲ ತುತ್ತು ಎತ್ತುತ್ತಾರೆ. ಉಣ್ಣಲು ಅಪ್ಪಣೆ ಕೇಳುವ ಹಬ್ಬವಿದು.

ಕಳೆದ ವರ್ಷ ನಮ್ಮ ಮನೆಯ ಕದಿರು ಬಂದದ್ದು ದೇವಸ್ಥಾನದಲ್ಲಿ ಹಂಚಿದ ಕಟ್ಟಿನಿಂದ. ಮನೆಯೆದುರಿನ ನಮ್ಮದೇ ಗದ್ದೆಯಲ್ಲಿ ಸೊಂಟದೆತ್ತರದ ಹುಲ್ಲು. ಕದಿರು ಕಟ್ಟುವಾಗ ನಾಚಿಕೆಯಾಯಿತು.

ಋತುಗಳ ಜೊತೆ ಬಾಳುವುದು ನಮಗೆ ಗೊತ್ತಿಲ್ಲದ್ದಲ್ಲ. ಕಮಲಶಿಲೆಯಲ್ಲಿ ಕುಬ್ಜಾ ನದಿ ಉಕ್ಕಿ ದೇವಸ್ಥಾನದ ಗರ್ಭಗುಡಿಗೇ ನುಗ್ಗಿದರೆ, ದೇವಿಗೆ ಸ್ನಾನವಾಯಿತೆಂದು ಆರತಿ ಎತ್ತುವ ಜನ ನಾವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಗಂಗೊಳ್ಳಿ ಬಂದರಿನಲ್ಲಿ ಲಂಗರು ಹಾಕುತ್ತವೆ. ಮೀನು ಮೊಟ್ಟೆಯಿಡಲೆಂದು ಕಡಲಿಗೆ ರಜೆ. ಆದರೆ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗೆ ಸಿಕ್ಕಿದ್ದು ರಜೆಯಲ್ಲ, ಅದನ್ನು ನಾವು ಮರೆತೇಬಿಟ್ಟಿದ್ದೇವೆ.

ಕಾರಣಗಳು ಸುಳ್ಳಲ್ಲ. ಆಳು ಸಿಗುವುದಿಲ್ಲ, ಹಂದಿ-ನವಿಲಿನ ಕಾಟ, ಮಕ್ಕಳು ಬೆಂಗಳೂರು, ಮುಂಬೈಯಲ್ಲಿ. ಬೇರೆಯವರು ಉತ್ತರೆ ಭೂಮಿ ಹೋದೀತೆಂಬ, 1974ರ ಭೂಸುಧಾರಣೆಯಿಂದ ಉಳಿದ ಅಂಜಿಕೆಯೂ ಇದೆ. ಆದರೆ 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಉಡುಪಿ ವಿಧಾನಸಭಾ ಕ್ಷೇತ್ರದ ಹಡಿಲು ಗದ್ದೆಗಳಿಗೆ ಊರವರನ್ನು ಇಳಿಸಿ ನೇಜಿ ನೆಡಿಸಿತು. ಗದ್ದೆ ಒಡೆಯರದ್ದಾಗಿಯೇ ಉಳಿಯಿತು, ಭತ್ತವೂ ಬೆಳೆಯಿತು.

ಹಾಗಾಗಿ ನನ್ನ ಕೋರಿಕೆ ಮೂರೇ.

ಈ ಹೊಸ್ತಿಗೆ ಊರಿಗೆ ಬಂದವರು ಊಟ ಮುಗಿಸಿ ಕೂಡಲೇ ಬಸ್ಸು ಹತ್ತಬೇಡಿ. ಹಡಿಲು ಗದ್ದೆಯ ಅಂಚಿನಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ನಿಂತು, ಮುಂದಿನ ಮಳೆಗಾಲದ ಕಾರ್ತಿ ಬೆಳೆಗೆ ಯಾವ ಗದ್ದೆ, ಯಾರ ಟಿಲ್ಲರು ಎಂದು ಅಲ್ಲೇ ಮಾತು ಮುಗಿಸಿ. ಪಾಲು ಪಟ್ಟಿಯ ಜಗಳ ಆಮೇಲೆ ಆಡಬಹುದು.

ಮಳೆ ಹಿಂದೆ ಸರಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ದಿನ ಒಬ್ಬರಾದರೂ ಹೋಗಿ. ಹಲಗೆ ತಡವಾದರೆ ಹೊಳೆಯ ಸಿಹಿನೀರು ಕಡಲು ಸೇರಿ, ಉಪ್ಪುನೀರು ಮೇಲೇರುತ್ತದೆ. ಆಮೇಲೆ ಬಾವಿಯ ನೀರು ಬಾಯಿಗೆ ಹಾಕಲಾಗದು.

ಮೇ ತಿಂಗಳಲ್ಲಿ ನಿಮ್ಮ ಮನೆ ಬದಿಯ ತೋಡಿನ ಹೂಳನ್ನು ನೀವೇ ಎತ್ತಿ. ಪಂಚಾಯ್ತಿಗೂ ಅರ್ಜಿ ಕೊಡಿ. ಆದರೆ ಮಳೆ ಅರ್ಜಿಗೆ ಕಾಯುವುದಿಲ್ಲ.

ಎಲ್ಲ ಗದ್ದೆಯೂ ಒಂದೇ ವರ್ಷಕ್ಕೆ ಹಸಿರಾಗುವುದಿಲ್ಲ. ಹತ್ತು ಸೆಂಟ್ಸ್ ಸಾಕು, ಮನೆಯ ಕದಿರಿಗೆ. ಗದ್ದೆಯಲ್ಲಿ ನಿಂತ ನೀರು ಪಕ್ಕದ ಬಾವಿಗೂ ಇಳಿಯುತ್ತದೆ, ಅದು ಯಾರ ಬಾವಿ ಎಂದು ಕೇಳುವುದಿಲ್ಲ.

ಮುಂದಿನ ಹೊಸ್ತಿನ ಬೆಳಗಿನ ಜಾವ ಕತ್ತಿ ಹಿಡಿದು ನಾನು ನಮ್ಮ ಗದ್ದೆಗೇ ಇಳಿಯುತ್ತೇನೆ. ನಿಮ್ಮ ಗದ್ದೆಯಲ್ಲೂ ಆಗ ದೀಪ ಕಾಣಲಿ.