ಶಾಲೆಯ ಕಪಾಟಿನಲ್ಲಿ ಯಾರ ಕಥೆಗಳಿವೆ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ, 2009ರ ಅನುಸೂಚಿಯು ಪ್ರತಿಯೊಂದು ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕು, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆಗಳೊಂದಿಗೆ ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ದೊರೆಯಬೇಕು ಎಂದು ವಿಧಿಸಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆಂದು ವರ್ಷಕ್ಕೆ 5,000 ರೂಪಾಯಿಗಳಿಂದ 20,000 ರೂಪಾಯಿಗಳವರೆಗೆ ಅನುದಾನಕ್ಕೆ ಅವಕಾಶ ಕಲ್ಪಿಸಿತು. ಕಾನೂನಿದೆ, ಅಲ್ಪಸ್ವಲ್ಪ ಹಣವೂ ಇದೆ. ಆದರೂ ಮಲೆನಾಡಿನ ಅನೇಕ ಪುಟ್ಟ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಮೇಜಿನ ಹಿಂದಿರುವ ಕಬ್ಬಿಣದ ಬೀರು. ಅದರ ಬೀಗ ತೆರೆಯುವುದು ತಪಾಸಣೆಯ ದಿನ.

ಬೀಗ ತೆರೆದಾಗ ಕಾಣುವುದಾದರೂ ಏನು? ಮಹಾಪುರುಷರ ಜೀವನಚರಿತ್ರೆಗಳು, ನೀತಿಕಥೆಗಳು, ಸಾಮಾನ್ಯಜ್ಞಾನದ ಪ್ರಶ್ನೋತ್ತರಗಳು, ಒಂದೇ ಶೀರ್ಷಿಕೆಯ ಹತ್ತಾರು ಪ್ರತಿಗಳು. ಚಿತ್ರಪುಸ್ತಕದ ಕಾಡಿನಲ್ಲಿ ಸಿಂಹವೇ ರಾಜ, ಪಕ್ಕದಲ್ಲಿ ಜಿರಾಫೆ. ಇಡೀ ಭಾರತದಲ್ಲಿ ಕಾಡು ಸಿಂಹವಿರುವುದು ಗುಜರಾತಿನ ಗಿರ್ ಅರಣ್ಯ ಹಾಗೂ ಅದರ ಸುತ್ತಲಿನ ಪ್ರದೇಶದಲ್ಲಿ ಮಾತ್ರ. ಜಗತ್ತಿನಲ್ಲಿ ಪಶ್ಚಿಮ ಘಟ್ಟವೊಂದರಲ್ಲೇ ಬದುಕಿರುವ ಸಿಂಗಳೀಕವಾಗಲೀ, ಶಾಲೆಯ ಹಿಂದಿನ ಮರದಲ್ಲೇ ಕೂಗುವ ಮಂಗಟ್ಟೆ ಹಕ್ಕಿಯಾಗಲೀ ಆ ಪುಟಗಳಲ್ಲಿ ಕಾಣುವುದು ಅಪರೂಪ. ಕಾಡಿನಲ್ಲಿ ವಾಸಿಸುವವರಂತೂ ಕಥೆಯೊಳಗೆ ಬರುವುದೇ ರಾಕ್ಷಸರಾಗಿ ಅಥವಾ ದಾರಿಗಳ್ಳರಾಗಿ.

ಈ ಶಾಲೆಗಳಿಗೆ ಬರುವ ಮಕ್ಕಳು ಯಾರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಅವರ ಪೂರ್ವಜರು ಆಫ್ರಿಕದಿಂದ ಬಂದವರು, ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಹಾಲಕ್ಕಿ, ಕುಣಬಿ, ಗೌಳಿ, ಹಸಲರ ಮಕ್ಕಳಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನುಮನೆಗಳಿಂದ ತಮಿಳು ಮಾತನಾಡುವ ಮಕ್ಕಳೂ, ಇತ್ತೀಚೆಗೆ ಅಸ್ಸಾಮಿನಿಂದ ಬಂದ ಕೂಲಿಕಾರರ ಮಕ್ಕಳೂ ಬರುತ್ತಾರೆ. ಮನೆಮಾತು ತುಳು, ಕೊಂಕಣಿ, ಕೊಡವ, ಅರೆಭಾಷೆ, ಬ್ಯಾರಿ, ಲಂಬಾಣಿ. ಇಷ್ಟು ಬಗೆಯ ಮಕ್ಕಳು ಕುಳಿತ ಕೋಣೆಯಲ್ಲಿ ಒಂದೇ ಬಗೆಯ ಮುಖಗಳುಳ್ಳ ಪುಸ್ತಕಗಳಿದ್ದರೆ, ಪುಸ್ತಕವೆಂಬುದು ಬೇರೆಯವರ ಸೊತ್ತು ಎಂದು ಮಗು ಬಲುಬೇಗ ತೀರ್ಮಾನಿಸುತ್ತದೆ. ಬಳಿಕ ಆ ಮಗುವನ್ನು ‘ಓದಿನಲ್ಲಿ ಹಿಂದೆ’ ಎಂದು ದಾಖಲಿಸಲಾಗುತ್ತದೆ. ಹಿಂದುಳಿದದ್ದು ಕಪಾಟು ಎಂಬುದನ್ನು ಯಾವ ವಹಿಯೂ ದಾಖಲಿಸುವುದಿಲ್ಲ.

ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ಆಕೆಯ ಮುಂದಿದ್ದುದು ಅಲ್ಲಿನ ಕಪ್ಪು ಮಕ್ಕಳ ಪ್ರಶ್ನೆ. ಅದಕ್ಕೂ ಬಹು ಹಿಂದೆ, 1931ರಲ್ಲಿ, ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯದ ಐದು ಸೂತ್ರಗಳಲ್ಲಿ ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದನ್ನೇ ಮೊದಲಿಗಿಟ್ಟಿದ್ದರು. ಶಾಲಾ ಕಪಾಟನ್ನು ಅಳೆಯಲು ಇವೆರಡೇ ಸಾಕು.

ಸ್ಥಳೀಯತೆಯ ಹೆಸರಿನಲ್ಲಿ ಕಿಟಕಿ ಮುಚ್ಚಬೇಕೆಂದು ಇದರರ್ಥವಲ್ಲ. ಜರ್ಮನಿಯ ಹ್ಯಾಮ್ಲಿನ್ ಊರಿನ ಐತಿಹ್ಯ ಬ್ರೌನಿಂಗ್ ಕವಿಯ ಮೂಲಕ ಕುವೆಂಪು ಅವರ ಕೈಸೇರಿ, ತುಂಗೆಯ ದಡದ ಬೊಮ್ಮನಹಳ್ಳಿಯ ಕಿಂದರಿಜೋಗಿಯಾಯಿತು. ದೂರದ ಕಥೆಯೂ ಮಲೆನಾಡಿನ ಮಗುವಿನದಾಗಬಲ್ಲದು. ಮಂಗಳೂರು, ಮಡಿಕೇರಿಗಳಲ್ಲಿ ದುಡಿದ ಪಂಜೆ ಮಂಗೇಶರಾಯರು, ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಕಟ್ಟಿಕೊಟ್ಟ ಶಿವರಾಮ ಕಾರಂತರು, ದೊಡ್ಡ ಮಕ್ಕಳಿಗೆ ‘ಪರಿಸರದ ಕತೆ’ಯ ತೇಜಸ್ವಿ: ಕನ್ನಡಕ್ಕೆ ಬಡತನವಿಲ್ಲ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ನೀಡುತ್ತಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಬಹುದು, ತಮ್ಮ ಭಾಷೆಗೆ ಅನುವಾದಿಸಬಹುದು. ಕೊರತೆಯಿರುವುದು ಆಯ್ಕೆಯಲ್ಲಿ. ಮಾರ್ಚ್ ಕೊನೆಯ ವಾರದಲ್ಲಿ ಅನುದಾನ ಖರ್ಚು ಮಾಡುವ ಅವಸರಕ್ಕೆ ಆಯ್ಕೆಯೆಂಬ ಹೆಸರು ಸಲ್ಲದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಪಟ್ಟಿಗೆ ಸಹಿ ಹಾಕುವ ಮೊದಲು ಕೆಲವನ್ನು ಕೇಳಬಹುದು. ಮರ ಹತ್ತುವ, ಲೆಕ್ಕ ಬಿಡಿಸುವ ಹುಡುಗಿ ಈ ಪುಸ್ತಕಗಳಲ್ಲಿದ್ದಾಳೆಯೇ, ಅಥವಾ ನೀರು ತರುವುದಕ್ಕಷ್ಟೇ ಬರುತ್ತಾಳೆಯೇ? ಕಾಲು ಸ್ವಾಧೀನವಿಲ್ಲದ ಬಾಲಕನಿಗೆ ಕನಿಕರದ ಹೊರತು ಬೇರೆ ಪಾತ್ರವುಂಟೇ? ಕೂಲಿಯವರ ಮನೆಯೊಳಗೆ ಕಥೆ ನಡೆಯುತ್ತದೆಯೇ? ಮೂರನೆಯ ತರಗತಿಯವರು ತಾವಾಗಿ ಓದಬಲ್ಲಷ್ಟು ದೊಡ್ಡ ಅಕ್ಷರವಿದೆಯೇ? ಈ ಕೊನೆಯ ಪ್ರಶ್ನೆಯನ್ನು ವಿದ್ಯಾವಂತರೇ ಹೆಚ್ಚಾಗಿ ಮರೆಯುತ್ತಾರೆ.

ಅಂಗಡಿಯಲ್ಲಿ ಸಿಗದುದನ್ನು ಊರೇ ಬರೆಯಬೇಕಾಗುತ್ತದೆ. ಅಜ್ಜಿಯರ ಕಥೆಗಳು, ನಾಟಿಪದಗಳು, ಈಗ ಗದ್ದೆಯಿಂದ ಮರೆಯಾದ ಭತ್ತದ ತಳಿಗಳ ಹೆಸರು, ಸೊಪ್ಪಿನ ಬೆಟ್ಟದ ಗಿಡಗಳ ಬಳಕೆ, ಇವನ್ನೆಲ್ಲ ಮಕ್ಕಳೇ ಚಿತ್ರಸಹಿತ ಬರೆದು ಹೊಲಿದ ಹೊತ್ತಗೆಗೆ ಅಚ್ಚಾದ ಪುಸ್ತಕದ ಪಕ್ಕದಲ್ಲೇ ಸ್ಥಾನ ಸಿಗಬೇಕು. ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ನೆರವಾಗಬಹುದು. ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರನ್ನು ಮೊದಲ ಪುಟದಲ್ಲೇ ಬರೆಯುವುದು ಮಾತ್ರ ತಪ್ಪಬಾರದು. ಸಮುದಾಯದ ಜ್ಞಾನವನ್ನು ಅನಾಮಧೇಯವಾಗಿ ಒಯ್ಯುವ ಚಾಳಿ ಸಂಶೋಧಕರಲ್ಲಿಯೇ ಸಾಕಷ್ಟಿದೆ.

ಇನ್ನು ಬೀಗದ ಮಾತು. ಪುಸ್ತಕ ಕಳೆದರೆ ತಮ್ಮ ಕೈಯಿಂದ ತೆರಬೇಕೆಂಬ ಶಿಕ್ಷಕರ ಅಂಜಿಕೆ ಸುಳ್ಳಲ್ಲ. ಹರಿದ, ಕಳೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಸಮಿತಿಯೇ ಠರಾವು ಮಾಡಿ ವಹಿಯಿಂದ ತೆಗೆದರೆ ಆ ಹೊರೆ ಅವರೊಬ್ಬರ ಮೇಲೆ ಬೀಳುವುದಿಲ್ಲ. ಬೀಗ ಹಾಕಿದ ಪುಸ್ತಕವಾದರೂ ಉಳಿಯುತ್ತದೆಯೇ? ಆಷಾಢದ ತೇವದಲ್ಲಿ ಗಾಳಿಯಾಡದ ಬೀರುವಿನೊಳಗೆ ಬೂಷ್ಟು ಹಿಡಿಯುತ್ತದೆ. ರಟ್ಟಿನ ಅಂಟಿನಲ್ಲಿರುವ ಪಿಷ್ಟಕ್ಕೆ ಹುಳು ಬರುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟು, ತಾಳೆಗರಿಗಳಿಗೆ ಹಿಂದೆ ಇಡುತ್ತಿದ್ದಂತೆ ಬಜೆಯ ಬೇರಿನ ತುಂಡುಗಳನ್ನಿಟ್ಟು, ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಜಗಲಿಗೆ ಹರವುವುದು ಮಕ್ಕಳಿಂದಲೇ ಆಗುವ ಕೆಲಸ. ಹರವಿದಾಗ ಅವರು ಓದುತ್ತ ಕುಳಿತುಬಿಟ್ಟರೆ ಆ ಅವಧಿಯ ಪಾಠವನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು.