ನಾತದ ಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿದರು. ನಾತದ ಮೂಲವನ್ನು ಹುಡುಕಬಾರದೆಂದು ಅವರು ಹೇಳಿದಂತಿಲ್ಲ. ಆದರೂ ನಾವು ಅದನ್ನು ಇವೆರಡರ ಸಾಲಿಗೇ ಸೇರಿಸಿಬಿಟ್ಟಿದ್ದೇವೆ. ಎಲ್ಲಿಯಾದರೂ ನಾತ ಬಂದರೆ ಊದಿನಕಡ್ಡಿ ಹಚ್ಚುತ್ತೇವೆ, ಆಮೇಲೆ ಮೂಗು ಮುಚ್ಚಿಕೊಳ್ಳುತ್ತೇವೆ, ಕೊನೆಗೆ ಒಗ್ಗಿಕೊಳ್ಳುತ್ತೇವೆ. ಇದು ಎಂಥ ತಪ್ಪೆಂಬುದು ನನಗೆ ಮನದಟ್ಟಾದುದು ಒಂದು ಹಾಯಿದೋಣಿಯಲ್ಲಿ.

ಘಟ್ಟದ ಮೇಲಿನ ಬಂಕಾಪುರದವನಿಗೆ ಹಾಯಿದೋಣಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮ ಸೀಮೆಗೂ ಹಾಯಿಗೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಪತ್ತೇಮಾರಿಗಳನ್ನೇರಿ ಮುಂಬಯಿಗೆ ಹೋಗುತ್ತಿತ್ತು. ಬಂಕಾಪುರವೂ ಆಗ ಅದೇ ಜಿಲ್ಲೆಯದು. ಬೆಳೆದವರು ನಾವು, ಆದರೆ ಮುಂಬಯಿಯ ಪೇಟೆಯಲ್ಲಿ ಆ ಹತ್ತಿಗೆ ನಿಂತ ಹೆಸರು ‘ಕುಮಟಾ’. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಆ ವ್ಯಾಪಾರ ಉಕ್ಕೇರಿತು. ೧೮೮೦ರ ದಶಕದಲ್ಲಿ ರೈಲು ಬಂದಮೇಲೆ ಕುಗ್ಗಿತು. ಆ ಹಳೆಯ ದಾರಿಯನ್ನು ಕಾಣಬೇಕೆಂಬ ಆಸೆಯಿಂದ ಒಂದು ರಜೆಯಲ್ಲಿ ಶಿರಸಿಯನ್ನು ದಾಟಿ, ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಹೋದೆ. ಅಲ್ಲಿ ನನ್ನ ಸ್ನೇಹಿತರೊಬ್ಬರು ತದಡಿಯ ಬಳಿ, ಅಘನಾಶಿನಿಯ ಅಳಿವೆಯಲ್ಲಿ, ಮರದ ಹಳೆಯ ಹಾಯಿದೋಣಿಯೊಂದನ್ನು ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ.

ದೋಣಿಯೇನೋ ಸುಂದರವಾಗಿತ್ತು. ಹತ್ತಿ ಕುಳಿತೊಡನೆ ಮಾತ್ರ ಹೊಟ್ಟೆ ತೊಳಸಿತು. ಸ್ನೇಹಿತರು ಸಂಕೋಚದಿಂದ ಎರಡು ಊದಿನಕಡ್ಡಿ ಹಚ್ಚಿದರು. ಕರ್ಪೂರದ ಪೊಟ್ಟಣವೊಂದು ಮೊದಲೇ ತೂಗುತ್ತಿತ್ತು, ಫಿನಾಯಿಲನ್ನೂ ಸುರಿದಿದ್ದರಂತೆ. ಈಗ ನಾತದ ಜೊತೆಗೆ ಇವೂ ಸೇರಿ, ಯಾವುದು ಯಾವುದೆಂದು ತಿಳಿಯದಾಯಿತು. ಮುಪ್ಪಿನ ತಂಡೇಲನೊಬ್ಬ ನಕ್ಕು ಕಡ್ಡಿಗಳನ್ನು ನೀರಿಗೆಸೆದ. “ನಿಮ್ಮ ಮೂಗು ಹೊಸದು, ಮಾಸ್ತರೇ. ನೀವೇ ಹುಡುಕಬೇಕು. ನಮ್ಮದು ಹಳತಾಯ್ತು” ಎಂದ.

ಅವನ ಕ್ರಮ ಸರಳವಾದದ್ದು. ರಾತ್ರಿಯೆಲ್ಲ ದೋಣಿಯ ಮುಚ್ಚಳಗಳನ್ನು ಬಿಗಿಯಾಗಿ ಹಾಕಿಟ್ಟು, ಬೆಳಗಿನ ತಂಪಿನಲ್ಲಿ ಒಂದೊಂದನ್ನೇ ತೆರೆದು ಮೂಸುವುದು. ಒಂದನ್ನು ಮೂಸಿದ ಮೇಲೆ ಹೊರಗೆ ಬಂದು ಗಾಳಿ ಕುಡಿದು, ಆಮೇಲೆ ಇನ್ನೊಂದು. ಹಾಗೆ ಮಾಡಿದಾಗ, ಒಂದೇ ಎಂದುಕೊಂಡಿದ್ದ ನಾತ ಮೂರಾಗಿ ಒಡೆಯಿತು. ಹಾಯಿಯನ್ನು ಮಡಿಸಿಟ್ಟಿದ್ದ ಮೂಲೆಯಲ್ಲಿ ಮುಗ್ಗಲು: ಒದ್ದೆಬಟ್ಟೆಯನ್ನು ಒಣಗಿಸದೆ ಮಡಿಸಿದ್ದರು. ಹಲಗೆಗಳಲ್ಲಿ ಕಮಟು: ಮರ ಬಾಳಲೆಂದು ವರ್ಷವರ್ಷವೂ ಬಳಿದ ಮೀನೆಣ್ಣೆ ಹಳತಾಗಿತ್ತು. ತಳದಲ್ಲಿ ಕೊಳೆತ ಮೊಟ್ಟೆಯ ನಾತ. ಮುಖ್ಯ ಅಪರಾಧಿ ಅದೇ.

ದೋಣಿಯ ಪಕ್ಕೆಲುಬಿನಂತಿರುವ ಅಡ್ಡಮರಗಳ ಬುಡದಲ್ಲಿ ಸಣ್ಣ ತೂತುಗಳಿರುತ್ತವೆ. ಒಳಗೆ ಜಿನುಗಿದ ನೀರು ಅವುಗಳ ಮೂಲಕ ತಗ್ಗಿಗೆ ಹರಿದು ಬಂದರೆ ಮೊಗೆದು ಹೊರಹಾಕಬಹುದು. ಇಲ್ಲಿ ಮೀನಿನ ಹುರುಪೆ, ಹಗ್ಗದ ನಾರು, ಕೆಸರು ಸೇರಿ ಎರಡು ತೂತುಗಳು ಕಟ್ಟಿಹೋಗಿದ್ದವು. ನಿಂತ ಕಡಲನೀರಿನಲ್ಲಿ ಗಾಳಿಯಾಡದಿದ್ದರೆ, ಅದರೊಳಗಿನ ಗಂಧಕದ ಲವಣವನ್ನು ಬಳಸಿಕೊಂಡು ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಬಿಡುತ್ತವೆ. ಹೀಗಿರುವಾಗ ಊದಿನಕಡ್ಡಿ ಏನು ಮಾಡೀತು? ತಂಡೇಲ ತಂತಿಯಿಂದ ತೂತು ಬಿಡಿಸಿದ. ಕಪ್ಪು ಕೆಸರು ಹರಿಯಿತು. ತಳವನ್ನು ಸಾಬೂನಿನಿಂದ ಉಜ್ಜಿ, ನೀರು ಹೊಯ್ದು ಮೊಗೆದು, ಹಾಯಿಯನ್ನೂ ಲಂಗರಿನ ಹಗ್ಗವನ್ನೂ ತೊಳೆದು ಬಿಸಿಲಿಗೆ ಹರವಿ, ಎರಡು ದಿನ ಎಲ್ಲ ಮುಚ್ಚಳಗಳನ್ನೂ ತೆರೆದಿಟ್ಟೆವು. ಮೂರನೆಯ ದಿನ ದೋಣಿಯಲ್ಲಿದ್ದುದು ಮರದ ವಾಸನೆ, ಅಷ್ಟಿಷ್ಟು ಎಣ್ಣೆಯದು. ಖರ್ಚಾದುದು ಒಂದು ಸಾಬೂನು.

ಇದರಿಂದ ನಾನು ಕಂಡುಕೊಂಡದ್ದನ್ನು ಕನ್ನಡದ ಮೇಷ್ಟರಾಗಿ ಹೇಳಬೇಕಾಗಿದೆ. ಮುಗ್ಗಲು, ಕಮಟು, ಕಮರು, ಹಳಸಲು, ಘಾಟು, ಸೊಗಡು ಎಂದು ನಮ್ಮ ನುಡಿ ವಾಸನೆಗಳನ್ನು ಬೇರ್ಪಡಿಸಿ ಹೆಸರಿಟ್ಟಿದೆ. ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯಲ್ಲಿ ನಿಂತವನಿಗೆ ಘಾಟೆಂದರೇನೆಂದು ವಿವರಿಸಬೇಕಿಲ್ಲ. ಈ ಹೆಸರುಗಳು ಬರಿಯ ಅಲಂಕಾರಗಳಲ್ಲ. ಮುಗ್ಗಲೆಂದರೆ ತೇವವನ್ನು ಹುಡುಕು, ಕಮಟೆಂದರೆ ಜಿಡ್ಡನ್ನು ಹುಡುಕು, ಹಳಸಲೆಂದರೆ ಉಳಿದ ಅನ್ನವನ್ನು ಹುಡುಕು ಎಂದು ಕಾರಣದ ಕಡೆಗೆ ಬೆರಳು ತೋರುತ್ತವೆ. ನನ್ನ ವಿದ್ಯಾರ್ಥಿಗಳು ಇವೆಲ್ಲಕ್ಕೂ ‘ಬ್ಯಾಡ್ ಸ್ಮೆಲ್’ ಎಂದುಬಿಡುತ್ತಾರೆ. ಹೆಸರು ಒಂದೇ ಆದಾಗ ಮದ್ದೂ ಒಂದೇ ಆಗುತ್ತದೆ: ಇನ್ನಷ್ಟು ಸುಗಂಧ.

ಮೂಗು ಒಗ್ಗಿಕೊಳ್ಳುವುದನ್ನು ಸಹನೆಯೆಂದು ಹೊಗಳುವವರೂ ಉಂಟು. ನಾನು ಒಪ್ಪಲಾರೆ. ತಳದಲ್ಲಿ ನಾವು ಮೂಸಿದ ಆ ಅನಿಲವೇ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ನಿಂತಿತೆಂದು ಸಮಾಧಾನಪಟ್ಟ ಗಳಿಗೆಯೇ ಅಪಾಯದ ಗಳಿಗೆ. ೨೦೨೨ರ ಎಪ್ರಿಲಿನಲ್ಲಿ ಮಂಗಳೂರಿನ ಬಳಿ, ಮೀನು ಸಂಸ್ಕರಿಸುವ ಘಟಕವೊಂದರ ತೊಟ್ಟಿಯಲ್ಲಿ ವಿಷಗಾಳಿಗೆ ಸಿಕ್ಕಿ ಐವರು ಕೂಲಿಕಾರರು ಸತ್ತರು. ಒಬ್ಬನನ್ನು ಎತ್ತಲು ಹೋದವರೇ ಉಳಿದವರು. ಆದಕಾರಣ ದೊಡ್ಡ ದೋಣಿಗಳ ಮುಚ್ಚಿದ ಉಗ್ರಾಣಕ್ಕೆ ಗಾಳಿಯಾಡಿಸದೆ ಇಳಿಯಬಾರದು. ಬ್ಲೀಚಿಂಗ್ ಪುಡಿಗೆ ಆಮ್ಲವನ್ನು ಬೆರೆಸಿ ಇನ್ನೊಂದು ವಿಷವನ್ನು ತಯಾರಿಸಲೂಬಾರದು. ನಾತವು ಶತ್ರುವಲ್ಲ, ಸುದ್ದಿ ತರುವ ದೂತ. ದೂತನ ಬಾಯಿ ಮುಚ್ಚಿಸಿದರೆ ಸುದ್ದಿ ಸುಳ್ಳಾಗುವುದಿಲ್ಲ.

ಊರಿಗೆ ಮರಳಿದ ಮೇಲೆ ಪಕ್ಕದ ಮನೆಯ ಹುಡುಗಿ ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಮೂಗು ಹಿಂಡಿದಳು. ಇಪ್ಪತ್ತು ವರ್ಷಗಳಿಂದ ಅದನ್ನು ಹಳೆಯ ಗ್ರಂಥಗಳ ಕಂಪೆಂದು ಬಂದವರ ಮುಂದೆಲ್ಲ ಹೊಗಳಿಕೊಂಡಿದ್ದವನು ನಾನು. “ಮುಗ್ಗಲು ರೀ, ಸರ್” ಎಂದಳು. ಪುಸ್ತಕಗಳನ್ನು ಇಳಿಸಿ ಕಪಾಟನ್ನು ಸರಿಸಿದೆ. ಹಿಂದಿನ ಗೋಡೆ ಮೊಳಕಾಲೆತ್ತರದವರೆಗೆ ತೊಯ್ದಿತ್ತು.