ಒಂದು ಧಾಟಿ, ನೂರು ಕಂಠ

ಜಮೈಕಾ ದ್ವೀಪದಲ್ಲಿ ‘ಡೀಜೇ’ ಎಂದರೆ ಗ್ರಾಮಾಫೋನ್ ತಟ್ಟೆ ತಿರುಗಿಸುವವನಲ್ಲ. ಆತನಿಗೆ ಅಲ್ಲಿ ‘ಸೆಲೆಕ್ಟರ್’ ಎಂದು ಹೆಸರು. ತಟ್ಟೆ ತಿರುಗುತ್ತಿರುವಾಗ ಮೈಕು ಹಿಡಿದು, ತಾಳಕ್ಕೆ ಸರಿಯಾಗಿ ಮಾತು ಹೆಣೆದು, ಅರ್ಧ ಹಾಡಿ ಅರ್ಧ ಆಡುವವನೇ ಡೀಜೇ.

ಅವನ ಮಾತಿಗೆ ಆಧಾರ ‘ರಿಡಿಮ್’. ರಿದಮ್ ಎಂಬ ಇಂಗ್ಲಿಷ್ ಪದವು ಆ ಜನರ ನಾಲಗೆಯಲ್ಲಿ ತಾಳಿದ ರೂಪವಿದು. ಅರ್ಥ ಮಾತ್ರ ತಾಳಕ್ಕಿಂತ ಹಿರಿದು. ಬೇಸ್ ಗಿಟಾರಿನ ಮಂದ್ರದ ನಡೆಯೂ ಡ್ರಮ್ಮಿನ ಪೆಟ್ಟೂ ಸೇರಿ, ಗಾಯಕನಿಲ್ಲದೆಯೂ ನಿಲ್ಲಬಲ್ಲ ಧಾಟಿಯದು. 1960ರ ದಶಕದ ಕೊನೆಗೆ ಕಿಂಗ್‌ಸ್ಟನ್ ನಗರದಲ್ಲಿ ತಟ್ಟೆಯ ಒಂದು ಮೈಯಲ್ಲಿ ಹಾಡನ್ನೂ ಇನ್ನೊಂದರಲ್ಲಿ ಕಂಠ ತೆಗೆದ ಬರಿಯ ವಾದ್ಯವನ್ನೂ ಮುದ್ರಿಸುವ ವಾಡಿಕೆ ಬೆಳೆಯಿತು. ಆ ಎರಡನೆಯ ಮೈಯೇ ಡೀಜೇಗಳ ರಂಗಸ್ಥಳ. 1970ರಲ್ಲಿ ಯು-ರಾಯ್ ಅವರು ಹಳೆಯ ಹಾಡುಗಳ ವಾದ್ಯದ ಮೇಲೆ ಮುದ್ರಿಸಿದ ಮಾತುಗಾರಿಕೆ ದ್ವೀಪದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. 1974ರಲ್ಲಿ ರೂಪೀ ಎಡ್ವರ್ಡ್ಸ್ ಒಂದೇ ಧಾಟಿಯ ಹಲವು ರೂಪಗಳಿಂದ ಇಡೀ ತಟ್ಟೆಯನ್ನು ತುಂಬಿಸಿದರು. ಬೇಸರವಾಗದೇ ಎಂದು ವಾಚಕರು ಕೇಳಬಹುದು. ಒಂದೇ ಅಖಾಡದಲ್ಲಿ ಹತ್ತು ಜಟ್ಟಿಗಳು ಇಳಿದಾಗಲ್ಲವೇ ಯಾರ ಪಟ್ಟು ಎಂಥದೆಂದು ತಿಳಿಯುವುದು!

ಕಂಠಕ್ಕೆ ಕೀರ್ತಿ ದೊರೆಯಿತು, ಸರಿ. ಧಾಟಿಯನ್ನು ಕಟ್ಟಿದವರಿಗೆ?

1985ರಲ್ಲಿ ವೇಯ್ನ್ ಸ್ಮಿತ್ ಎಂಬ ಗಾಯಕರೂ ಅವರ ಗೆಳೆಯರೂ ಕ್ಯಾಸಿಯೋ ಕಂಪನಿಯ ಎಂ.ಟಿ. 40 ಎಂಬ ಪುಟ್ಟ ವಿದ್ಯುತ್ ಕೀಬೋರ್ಡಿನಲ್ಲಿ, ಕಾರ್ಖಾನೆಯಲ್ಲೇ ತುಂಬಿಸಿಟ್ಟಿದ್ದ ‘ರಾಕ್’ ಧಾಟಿಯೊಂದನ್ನು ಕಂಡುಕೊಂಡರು. ಕಿಂಗ್ ಜ್ಯಾಮಿ ಅದರ ವೇಗವನ್ನು ತಗ್ಗಿಸಿ ಧ್ವನಿಮುದ್ರಿಸಿದರು. ಬೇಸ್ ವಾದಕನಿಲ್ಲ, ಡ್ರಮ್ಮಿನವನಿಲ್ಲ! ‘ಸ್ಲೆಂಗ್ ಟೆಂಗ್’ ಎಂದು ಹೆಸರಾದ ಆ ರಿಡಿಮ್ಮಿನ ಮೇಲೆ ನೂರಾರು ಹಾಡುಗಳು ಹುಟ್ಟಿದವು. ಸ್ಟುಡಿಯೋದ ಬಾಗಿಲಲ್ಲಿ ಕರೆಗಾಗಿ ಕಾಯುತ್ತಿದ್ದ ಎಷ್ಟೋ ವಾದಕರ ಅನ್ನಕ್ಕೆ ಸಂಚಕಾರವೂ ಬಂದಿತು. ಆ ಧಾಟಿಯನ್ನು ರಚಿಸಿದವರು ಒಕುಡಾ ಹಿರೋಕೋ ಎಂಬ ಜಪಾನೀ ಮಹಿಳೆ. ಸಂಗೀತ ಕಾಲೇಜಿನಲ್ಲಿ ರೆಗ್ಗೆ ಸಂಗೀತವನ್ನೇ ಕುರಿತು ಪ್ರಬಂಧ ಬರೆದು, 1980ರಲ್ಲಿ ಕ್ಯಾಸಿಯೋ ಸೇರಿದವರು. ಜಮೈಕಾದಿಂದ ಕಲಿತದ್ದು, ಒಂದು ಗುಂಡಿಯೊಳಗೆ ಅಡಗಿಕೊಂಡು, ಜಮೈಕಾಕ್ಕೇ ಮರಳಿತು. ತಟ್ಟೆಗಳ ಮೇಲೆ ಆಕೆಯ ಹೆಸರಿರಲಿಲ್ಲ.

ಇನ್ನೊಂದು ಧಾಟಿಯ ಕಥೆ ನ್ಯಾಯಾಲಯದ ಮೆಟ್ಟಿಲೇರಿದೆ. 1989ರಲ್ಲಿ ಸ್ಟೀಲಿ ಮತ್ತು ಕ್ಲೀವಿ ಎಂಬ ಜೋಡಿ ‘ಫಿಶ್ ಮಾರ್ಕೆಟ್’ ಎಂಬ ವಾದ್ಯರಚನೆಯನ್ನು ಮುದ್ರಿಸಿತು. ಸ್ಪ್ಯಾನಿಷ್ ಭಾಷೆಯ ರೆಗ್ಗೇಟೋನ್ ಹಾಡುಗಳ ಬೆನ್ನೆಲುಬು ತಮ್ಮ ಆ ರಚನೆಯೇ ಎಂದು ಕ್ಲೀವಿಯವರೂ ಸ್ಟೀಲಿಯವರ ವಾರಸುದಾರರೂ 2021ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದರು. ಬರಬರುತ್ತ ಪ್ರತಿವಾದಿಗಳ ಸಂಖ್ಯೆ ನೂರನ್ನು ದಾಟಿತು. ಅಂಥ ಪೆಟ್ಟು ಎಲ್ಲರಿಗೂ ಸಾಮಾನ್ಯ, ಯಾರ ಸ್ವತ್ತೂ ಅಲ್ಲವೆಂಬುದು ಎದುರು ಪಕ್ಷದ ವಾದ. ಕಿಂಗ್‌ಸ್ಟನ್ನಿನ ಈ ವ್ಯಾಪಾರವೇ ಕೇಳದೆ ಎರವಲು ಪಡೆಯುವ ಪದ್ಧತಿಯ ಮೇಲೆ ಬೆಳೆದುದು ನಿಜ. ಆದರೂ ನನ್ನ ಮನಸ್ಸು ಕ್ಲೀವಿಯವರ ಕಡೆಗೇ ವಾಲುತ್ತದೆ: ನೆರೆಮನೆಯ ಎರವಲು ಬೇರೆ, ಕೋಟ್ಯಂತರ ಡಾಲರುಗಳ ಉದ್ಯಮದ ಎರವಲು ಬೇರೆ. 2024ರ ಮೇ ತಿಂಗಳಲ್ಲಿ ನ್ಯಾಯಾಧೀಶರು ದಾವೆಯನ್ನು ಆರಂಭದಲ್ಲೇ ವಜಾ ಮಾಡಲೊಪ್ಪದೆ, ಮುಂದುವರಿಯಲು ಬಿಟ್ಟರು. ಸ್ಟೀಲಿ 2009ರಲ್ಲೇ ತೀರಿಕೊಂಡಿದ್ದರು.